ಮಂಗನ ಕಾಯಿಲೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆ

ಮಂಗನ ಕಾಯಿಲೆ ಅಥವಾ ಕ್ಯಾಸನೂರು ಅರಣ್ಯ ಕಾಯಿಲೆಯು ಉಣುಗಿನ ಕಡಿತದಿಂದ ಮನುಷ್ಯರಿಗೆ ತಗಲುವ ಒಂದು ವೈರಾಣು ಜ್ವರ. ಕೆ.ಎಫ್.ಡಿ. ಎಂಬ ಸಂಕ್ಷಿಪ್ತ ಹೆಸರಿನಿಂದಲೂ ಇದು ಪರಿಚಿತವಾಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲ ಬಾರಿಗೆ ಗುರುತಿಸಲ್ಪಟ್ಟ ಈ ರೋಗವು ಮುಂದಿನ ದಶಕಗಳಲ್ಲಿ ಪಶ್ಚಿಮಘಟ್ಟದ ಉದ್ದಕ್ಕೂ ಹರಡಿತು. ಸೊರಬ ಮತ್ತು ಸಾಗರ ತಾಲ್ಲೂಕುಗಳಿಗೆ ತಾಗಿಕೊಂಡಿರುವ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಶಿರಸಿ ತಾಲ್ಲೂಕುಗಳು ಮತ್ತು ಅವುಗಳ ಉತ್ತರಕ್ಕಿರುವ ಯಲ್ಲಾಪುರವು ಕಾಡು, ಅಡಿಕೆ ತೋಟ ಹಾಗೂ ಸೊಪ್ಪಿನಬೆಟ್ಟಗಳು ಒಂದರೊಳಗೊಂದು ಹೆಣೆದುಕೊಂಡ ಸೀಮೆಯಾಗಿವೆ. ಕಾಡಿಗೂ ಜನರ ದಿನನಿತ್ಯದ ದುಡಿಮೆಗೂ ಇರುವ ಈ ನಿಕಟ ನಂಟೇ ರೋಗದ ಅಪಾಯವನ್ನೂ ಅದನ್ನು ತಡೆಯುವ ಕಷ್ಟವನ್ನೂ ಅರಿಯಲು ಮುಖ್ಯ ಸುಳಿವಾಗಿದೆ.

ಹೆಸರು ಮತ್ತು ಗೊಂದಲಗಳು

ಕಾಯಿಲೆ ಕಾಣಿಸಿಕೊಳ್ಳುವ ಮುನ್ನ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದರಿಂದ ಜನರು ಇದನ್ನು ಮಂಗನ ಕಾಯಿಲೆ ಎಂದು ಕರೆದರು. ಕೆನ್ನೆ ಮತ್ತು ಕಿವಿಯ ಕೆಳಭಾಗ ಊದಿಕೊಳ್ಳುವ ಮಂಗನಬಾವು ಬೇರೆಯೇ ರೋಗವಾಗಿದ್ದು, ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಲ್ಲಿರುವ ಮಂಕಿಪಾಕ್ಸ್ ಕೂಡ ಬೇರೆ ವೈರಾಣುವಿನ ರೋಗ.

ಹೆಸರಿನಿಂದ ಇನ್ನೊಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ. ಮಂಗವೇ ರೋಗವನ್ನು ತಂದು ಹರಡುತ್ತದೆ ಎಂದು ಅನೇಕರು ನಂಬುತ್ತಾರೆ. ಬಾಳೆಗೊನೆಗೂ ಎಳೆಯ ಅಡಿಕೆಗೂ ಕೈಯಿಕ್ಕುವ ಮಂಗಗಳ ಮೇಲೆ ತೋಟಿಗರಿಗೆ ಮೊದಲೇ ಇರುವ ಸಿಟ್ಟಿಗೆ ಈ ನಂಬಿಕೆ ಮತ್ತಷ್ಟು ಬಲ ಕೊಡುತ್ತದೆ. ವಾಸ್ತವವಾಗಿ ಕಪ್ಪು ಮೋರೆಯ ಮುಸಿಯ ಮತ್ತು ಸಾಮಾನ್ಯ ಮಂಗ ಇವೆರಡೂ ಮನುಷ್ಯನಂತೆಯೇ, ಬಹುಶಃ ಮನುಷ್ಯನಿಗಿಂತ ಹೆಚ್ಚಾಗಿ, ಈ ರೋಗಕ್ಕೆ ಬಲಿಯಾಗುವ ಪ್ರಾಣಿಗಳು. ಅವು ಸತ್ತಾಗ ದೇಹದ ಮೇಲಿದ್ದ ಉಣುಗುಗಳು ಕೆಳಗುದುರಿ ಆ ಜಾಗವನ್ನು ಅಪಾಯದ ತಾಣವಾಗಿಸುತ್ತವೆ ಎಂಬುದು ನಿಜ. ಆದರೆ ಮಂಗಗಳ ಸಾವು ಊರಿಗೆ ಮುಂಚಿತವಾಗಿ ದೊರೆಯುವ ಎಚ್ಚರಿಕೆಯೂ ಹೌದು.

ಪತ್ತೆಯಾದ ಬಗೆ

1957ರ ಮಾರ್ಚ್ ತಿಂಗಳಲ್ಲಿ ಆಗಿನ ಮೈಸೂರು ರಾಜ್ಯದ ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ತೀವ್ರ ಜ್ವರ ಹಬ್ಬಿತ್ತು. ಮೊದಲು ಇದನ್ನು ವಿಷಮಶೀತ ಜ್ವರದ ಬಗೆಯೆಂದು ಭಾವಿಸಲಾಯಿತು. ಅದೇ ಸಮಯದಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿರುವ ಸುದ್ದಿ ಪುಣೆಯ ವೈರಾಣು ಸಂಶೋಧನಾ ಕೇಂದ್ರವನ್ನು ತಲುಪಿತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಳು ಕೂಡಿ 1952ರಲ್ಲಿ ಸ್ಥಾಪಿಸಿದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ.

ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದಾರೆಂಬ ವರ್ತಮಾನ ವಿಜ್ಞಾನಿಗಳನ್ನು ಗಾಬರಿಗೊಳಿಸಿದ್ದಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಕಾಣಿಸಿಕೊಳ್ಳುವ ರೀತಿಯೂ ಹೀಗೆಯೇ. ಹಳದಿ ಜ್ವರ ಭಾರತದಲ್ಲಿ ಎಂದೂ ಇರಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆಗಳು ಇಲ್ಲಿ ಧಾರಾಳವಾಗಿದ್ದವು. ಅದು ದೇಶವನ್ನು ಹೊಕ್ಕಿದ್ದರೆ ಆಗಬಹುದಾದ ಅನಾಹುತ ಊಹೆಗೂ ಮೀರಿದ್ದು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮುಂತಾದವರ ತಂಡವು ಸ್ಥಳಕ್ಕೆ ಬಂದು ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಮಾದರಿಗಳನ್ನು ಸಂಗ್ರಹಿಸಿತು. ದೊರೆತ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ಅದನ್ನು ಹರಡುತ್ತಿದ್ದುದು ಸೊಳ್ಳೆಯೂ ಅಲ್ಲ, ಕಾಡಿನ ನೆಲದ ಉಣುಗು. ರೋಗಗ್ರಸ್ತ ಮಂಗ ದೊರೆತ ಕಾಡಿನ ಹೆಸರನ್ನೇ ವೈರಾಣುವಿಗೆ ಇಡಲಾಯಿತು.

ಉತ್ತರದ ನಂಟು: ಸೈಬೀರಿಯ ಮತ್ತು ಹಕ್ಕಿಗಳು

ಪ್ರಯೋಗಾಲಯದ ಪರೀಕ್ಷೆಗಳು ಅನಿರೀಕ್ಷಿತವಾದ ಬಂಧುತ್ವವನ್ನು ತೋರಿಸಿದವು. ಮಲೆನಾಡಿನ ಈ ವೈರಾಣು ಉತ್ತರದ ಶೀತಪ್ರದೇಶಗಳ ವೈರಾಣುಗಳ ಗುಂಪಿಗೆ ಸೇರಿತ್ತು. 1937ರಲ್ಲಿ ಸೋವಿಯತ್ ದೇಶದ ದೂರಪ್ರಾಚ್ಯದ ಕಾಡುಗಳಲ್ಲಿ ಲೆವ್ ಜಿಲ್ಬರ್ ನೇತೃತ್ವದ ತಂಡವು ಗುರುತಿಸಿದ, ವಸಂತ ಮತ್ತು ಬೇಸಿಗೆಯಲ್ಲಿ ಬರುವ ಮೆದುಳುಜ್ವರ ಈ ಗುಂಪಿನದು. 1940ರ ದಶಕದಲ್ಲಿ ಪಶ್ಚಿಮ ಸೈಬೀರಿಯದಲ್ಲಿ ಕಾಣಿಸಿಕೊಂಡ ಓಮ್ಸ್ಕ್ ರಕ್ತಸ್ರಾವ ಜ್ವರವೂ ಇದೇ ಗುಂಪಿನದು. ತುಪ್ಪಳಕ್ಕಾಗಿ ಉತ್ತರ ಅಮೆರಿಕದಿಂದ ತಂದುಬಿಟ್ಟ ಮಸ್ಕ್‌ರ್‍ಯಾಟ್ ಎಂಬ ನೀರುವಾಸಿ ಇಲಿಜಾತಿಯ ಪ್ರಾಣಿಗಳು ಅಲ್ಲಿ ಸತ್ತವು. ಅವುಗಳ ಚರ್ಮ ಸುಲಿಯುವ ಬೇಟೆಗಾರರು ರೋಗಕ್ಕೆ ತುತ್ತಾದರು. ಈ ಬಳಗದ ದೂರದ ನೆಂಟರು ಇನ್ನೂ ಉತ್ತರಕ್ಕೆ, ಸಮುದ್ರದ ಹಕ್ಕಿಗಳ ಗೂಡುಗಳವರೆಗೂ ಇದ್ದಾರೆ: ಓಖೋಟ್ಸ್ಕ್ ಸಮುದ್ರದ ತ್ಯುಲೆನಿ ದ್ವೀಪದಲ್ಲಿ ಕಡಲಹಕ್ಕಿಗಳ ರಕ್ತ ಹೀರುವ ಉಣುಗುಗಳಿಂದ 1969ರಲ್ಲಿ ಪಡೆದ ತ್ಯುಲೆನಿ ವೈರಾಣು ಅಂಥದ್ದೊಂದು.

ಉತ್ತರದ ವೈರಾಣು ಸೊರಬದ ಕಾಡಿಗೆ ಬಂದುದು ಹೇಗೆ? ಚಳಿಗಾಲದಲ್ಲಿ ಸೈಬೀರಿಯದಿಂದ ಭಾರತಕ್ಕೆ ಬರುವ ವಲಸೆ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೆಂಬುದು ಆಗಿನ ಪ್ರಬಲ ಊಹೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಅರಿಯುವ ದೊಡ್ಡ ಕಾರ್ಯಕ್ರಮವನ್ನು ಕೈಗೊಳ್ಳಲು ಈ ಪ್ರಶ್ನೆಯೂ ಪ್ರೇರಣೆಯಾಯಿತು. ಮುಂದೆ ಇಂಥ ಅಧ್ಯಯನಗಳಿಗೆ ವಿದೇಶಿ ಸೇನಾ ಮೂಲದ ಹಣ ಬಂದ ವಿಷಯ ವಿವಾದವಾಗಿ, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಟೀಕೆಗೂ ಗುರಿಯಾಯಿತು.

ಹಕ್ಕಿಗಳು ರೋಗವನ್ನು ಸೈಬೀರಿಯದಿಂದ ತಂದವೆಂಬುದಕ್ಕೆ ದೃಢವಾದ ಆಧಾರ ದೊರೆಯಲಿಲ್ಲ. ಭಾರತೀಯ ಪಕ್ಷಿಶಾಸ್ತ್ರಕ್ಕೆ ಮಾತ್ರ ಅಪಾರ ಮಾಹಿತಿ ಒದಗಿತು. 1995ರಲ್ಲಿ ಸೌದಿ ಅರೇಬಿಯದಲ್ಲಿ ಪತ್ತೆಯಾದ ಆಲ್ಖುರ್ಮಾ ವೈರಾಣು ಕ್ಯಾಸನೂರು ವೈರಾಣುವಿಗೆ ಎಲ್ಲಕ್ಕಿಂತ ಹತ್ತಿರದ ಬಂಧು ಎಂದು ತಿಳಿದುಬಂದಿದೆ. ಇವೆರಡರ ಪೂರ್ಣ ವಂಶವಾಹಿ ವಿನ್ಯಾಸವನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವು ಸುಮಾರು 700 ವರ್ಷಗಳ ಹಿಂದೆ ಕವಲೊಡೆದಿರಬೇಕೆಂದು ಅಂದಾಜಿಸಿತು. ಹಾಗಿದ್ದರೆ 1957ರಲ್ಲಿ ನಡೆದುದು ಹೊಸ ವೈರಾಣುವಿನ ಆಗಮನವೆನ್ನುವುದಕ್ಕಿಂತ, ಕಾಡಿನಲ್ಲಿ ಮೊದಲಿನಿಂದ ಅಡಗಿದ್ದುದು ಹೊರಬಂದುದು ಎನ್ನುವುದೇ ಹೆಚ್ಚು ಸರಿ. ಆಗ ಪ್ರಶ್ನೆಯೂ ಬದಲಾಗುತ್ತದೆ: ಅದು ಎಲ್ಲಿಂದ ಬಂತು ಎಂಬುದರ ಬದಲು, ಕಾಡಿನಲ್ಲಿ ಏನಾದುದರಿಂದ ಹೊರಬಂತು ಎಂದು ಕೇಳಬೇಕಾಗುತ್ತದೆ.

ಕಾಡಿನಲ್ಲಾದ ಬದಲಾವಣೆ

ಈ ಪ್ರಶ್ನೆಗೆ ಗಂಭೀರವಾಗಿ ಉತ್ತರ ಹುಡುಕಿದವರಲ್ಲಿ ಕೊಲಂಬಿಯ ದೇಶದ ವಿಜ್ಞಾನಿ ಹೋರ್ಹೆ ಬೊಷೆಲ್ ಪ್ರಮುಖರು. 1969ರ ತಮ್ಮ ಲೇಖನದಲ್ಲಿ ಅವರು ಜನಸಂಖ್ಯೆಯ ಏರಿಕೆ, ಕಾಡು ಕಡಿದು ಮಾಡಿದ ಸಾಗುವಳಿ ಮತ್ತು ಕಾಡಿನೊಳಗೆ ದನಗಳನ್ನು ಮೇಯಿಸುವ ಪದ್ಧತಿಗಳು ಉಣುಗುಗಳ ಸಂಖ್ಯೆಯನ್ನು ಬಹುಪಟ್ಟು ಹೆಚ್ಚಿಸಿದವೆಂದು ವಾದಿಸಿದರು. ದಟ್ಟ ಕಾಡಿನಲ್ಲಿ ದೊಡ್ಡ ಉಣುಗಿಗೆ ರಕ್ತ ಕೊಡುವ ದೊಡ್ಡ ಪ್ರಾಣಿಗಳು ವಿರಳ. ಕಡಿದ ಕಾಡಿನ ಅಂಚಿನಲ್ಲಿ ಮೇಯುವ ದನಗಳು ಆ ಕೊರತೆಯನ್ನು ನೀಗುತ್ತವೆ. ಕಡಿದ ಜಾಗದಲ್ಲಿ ಹಬ್ಬುವ ಲಂಟಾನದ ಪೊದೆಗಳು ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಿಗೆ ಆಸರೆಯಾಗುತ್ತವೆ. ಸಾಗರದಲ್ಲಿದ್ದ ಪುಣೆ ಕೇಂದ್ರದ ಕ್ಷೇತ್ರ ಠಾಣೆಯಲ್ಲಿ ಪಿ. ಕೆ. ರಾಜಗೋಪಾಲನ್ ಮೊದಲಾದ ಭಾರತೀಯ ಕೀಟಶಾಸ್ತ್ರಜ್ಞರು ವರ್ಷಗಟ್ಟಲೆ ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣುಗು ಹೆಕ್ಕಿ, ಎಣಿಸಿ, ಅವುಗಳ ಋತುಚಕ್ರವನ್ನು ದಾಖಲಿಸಿದರು. ಇಂದಿನ ತಿಳಿವಳಿಕೆ ನಿಂತಿರುವುದು ಬಹುಮಟ್ಟಿಗೆ ಈ ಎಲೆಮರೆಯ ದುಡಿಮೆಯ ಮೇಲೆ.

1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಪಿಗಾಗಿ ಕಾಡು ಕಡಿದ ಬೆನ್ನಿಗೇ ದೊಡ್ಡ ಪ್ರಮಾಣದಲ್ಲಿ ರೋಗ ಕಾಣಿಸಿಕೊಂಡುದು ಈ ವಾದಕ್ಕೆ ಪುಷ್ಟಿ ನೀಡಿತು. ಅದೇ ಅವಧಿಯ ಹೊತ್ತಿಗೆ ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲೂ ರೋಗ ನೆಲೆಯೂರಿತ್ತು. 2012ರ ನಂತರ ಅದು ರಾಜ್ಯದ ಗಡಿಯನ್ನೂ ದಾಟಿ ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡು, ಗೋವಾದ ಸತ್ತರಿ ಹಾಗೂ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು.

ಇತ್ತೀಚೆಗೆ ಬ್ರಿಟನ್ನಿನ ಮತ್ತು ಭಾರತದ ಸಂಸ್ಥೆಗಳು ಕೂಡಿ ನಡೆಸಿದ, 2020ರಲ್ಲಿ ಪ್ರಕಟವಾದ ಅಧ್ಯಯನವು ಚಿತ್ರವನ್ನು ಇನ್ನಷ್ಟು ಸ್ಪಷ್ಟಗೊಳಿಸಿದೆ. ಅದರ ಪ್ರಕಾರ ಅಪಾಯ ಹೆಚ್ಚಾಗಿರುವುದು ತೇವಭರಿತ ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಬೆರೆತಿರುವ, ನಾಟಿ ದನಗಳ ಸಂಖ್ಯೆ ಹೆಚ್ಚಿರುವ ಪ್ರದೇಶಗಳಲ್ಲಿ. ಒಣ ಎಲೆಯುದುರುವ ಕಾಡು ಹೆಚ್ಚಿರುವಲ್ಲಿ ಅಪಾಯ ಕಡಿಮೆ. ಸಿದ್ದಾಪುರ ಮತ್ತು ಶಿರಸಿಯ ಪಶ್ಚಿಮ ಭಾಗದ ಭೂದೃಶ್ಯವನ್ನು ಬಲ್ಲವರಿಗೆ ಇದು ತಮ್ಮ ಊರಿನದೇ ವರ್ಣನೆಯಂತೆ ತೋರುತ್ತದೆ. ಶಿರಸಿಯ ಪೂರ್ವಕ್ಕೂ ಯಲ್ಲಾಪುರದ ಈಶಾನ್ಯಕ್ಕೂ ಸಾಗಿದಂತೆ ಮಳೆ ಕಡಿಮೆಯಾಗಿ ಕಾಡಿನ ಸ್ವರೂಪ ಬದಲಾಗುತ್ತದೆ. ಆದ್ದರಿಂದ ಮೂರೂ ತಾಲ್ಲೂಕುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಉಣುಗಿನ ಪಂಚಾಂಗ, ಬೆಟ್ಟದ ಪಂಚಾಂಗ

ರೋಗದ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಇದರ ಬಾಳಿನಲ್ಲಿ ಮೊಟ್ಟೆಯ ನಂತರ ಮರಿ, ಎಳೆ ಉಣುಗು, ಬಲಿತ ಉಣುಗು ಎಂಬ ಮೂರು ಹಂತಗಳಿವೆ. ಪ್ರತಿ ಹಂತದಲ್ಲೂ ಅದು ಒಮ್ಮೆ ರಕ್ತ ಹೀರಿ ನೆಲಕ್ಕೆ ಬೀಳುತ್ತದೆ. ಬಲಿತ ಉಣುಗುಗಳು ಮಳೆಗಾಲದಲ್ಲಿ ಚುರುಕಾಗಿ ದನಗಳಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತವೆ, ಬಳಿಕ ನೆಲದಲ್ಲಿ ಮೊಟ್ಟೆಯಿಡುತ್ತವೆ. ಮಳೆ ಮುಗಿದ ಮೇಲೆ ಧೂಳಿನ ಕಣದಷ್ಟು ಸಣ್ಣ ಮರಿಗಳು ಹೊರಬಂದು ಇಲಿ, ಹಕ್ಕಿ, ಮಂಗಗಳ ಮೈಗೆ ಹತ್ತುತ್ತವೆ. ವೈರಾಣು ರಕ್ತದಲ್ಲಿರುವ ಪ್ರಾಣಿಯನ್ನು ಕಚ್ಚಿದ ಮರಿಗೆ ಅದು ಅಂಟಿ, ಮುಂದಿನ ಹಂತಕ್ಕೂ ಉಳಿದು ಬರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಎಳ್ಳುಕಾಳಿನಷ್ಟಿರುವ ಎಳೆ ಉಣುಗುಗಳ ಕಾಲ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಇವೇ. ಕಚ್ಚಿದ್ದು ಅನೇಕ ವೇಳೆ ತಿಳಿಯುವುದೂ ಇಲ್ಲ.

ದನಗಳ ಪಾತ್ರವನ್ನು ಸರಿಯಾಗಿ ಅರಿಯಬೇಕು. ಅವು ಈ ರೋಗದಿಂದ ನರಳುವುದಿಲ್ಲ, ವೈರಾಣುವಿನ ಮುಖ್ಯ ಆಕರವೂ ಅಲ್ಲ. ಆದರೆ ಬಲಿತ ಉಣುಗುಗಳನ್ನು ಸಾಕುವ ಮೂಲಕ ಮುಂದಿನ ಬೇಸಿಗೆಯ ಉಣುಗುಗಳ ಸಂಖ್ಯೆಯನ್ನು ನಿರ್ಧರಿಸುತ್ತವೆ.

ಈಗ ಘಟ್ಟದ ಮೇಲಿನ ಕೃಷಿಕನ ವರ್ಷವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲಿನ ಅಡಿಕೆ ತೋಟಗಳು ನಿಂತಿರುವುದು ಸೊಪ್ಪಿನಬೆಟ್ಟಗಳ ಆಧಾರದ ಮೇಲೆ. ಬ್ರಿಟಿಷರ ಆಡಳಿತ ಕಾಲದಿಂದ ಬಂದಿರುವ ವ್ಯವಸ್ಥೆಯಂತೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವಿದೆ. ಅಲ್ಲಿಂದ ಹಸಿಸೊಪ್ಪು, ಕಟ್ಟಿಗೆ, ಒಣ ಎಲೆಗಳನ್ನು ತರಬಹುದು, ದನಗಳನ್ನು ಮೇಯಿಸಬಹುದು. ಒಣಗಿ ಉದುರಿದ ಎಲೆಗೆ ಇಲ್ಲಿನವರು ದರಕು ಎನ್ನುತ್ತಾರೆ. ಎಲೆ ಉದುರಿ ಬೆಟ್ಟ ಒಣಗುವ ದಿನಗಳಲ್ಲಿ ದರಕನ್ನು ಗುಡಿಸಿ, ದೊಡ್ಡ ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ತಂದು, ವರ್ಷಕ್ಕಾಗುವಷ್ಟು ಕೂಡಿಡುತ್ತಾರೆ. ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿದ ದರಕು ಸಗಣಿ ಗಂಜಲದೊಂದಿಗೆ ಬೆರೆತು ಗೊಬ್ಬರವಾಗುತ್ತದೆ, ಆ ಗೊಬ್ಬರ ತೋಟಕ್ಕೆ ಹೋಗುತ್ತದೆ. ದರಕು ತರುವ ಈ ದಿನಗಳೂ ಎಳೆ ಉಣುಗಿನ ದಿನಗಳೂ ಒಂದೇ. ಉಣುಗುಗಳು ಕಾದು ಕುಳಿತಿರುವುದೂ ಆ ಒಣ ಎಲೆಗಳ ನಡುವೆಯೇ. ದರಕು ಗುಡಿಸುವ ಕೆಲಸದಲ್ಲಿ ಹೆಂಗಸರ ಪಾಲು ಹೆಚ್ಚು. ಕೊಟ್ಟಿಗೆಗೆ ತಂದು ಹಾಕಿದ ಎಲೆಯೊಂದಿಗೆ ಉಣುಗು ಮನೆಯ ಅಂಗಳಕ್ಕೂ ಬರಬಹುದಾದ್ದರಿಂದ ಕಾಡಿಗೆ ಹೋಗದ ವೃದ್ಧರೂ ಅಪಾಯದಿಂದ ಪೂರ್ತಿ ಹೊರಗಿಲ್ಲ.

ಗೋವಾ ಮತ್ತು ಸಿಂಧುದುರ್ಗದಲ್ಲಿ ಇದೇ ತಿಂಗಳುಗಳಲ್ಲಿ ಗೇರು ತೋಪುಗಳಲ್ಲಿ ಬೀಜ ಹೆಕ್ಕುವವರು ರೋಗಕ್ಕೆ ಒಳಗಾದರು. ಯಲ್ಲಾಪುರದ ಕಾಡಂಚಿನ ಗೌಳಿ ಮತ್ತು ಸಿದ್ದಿ ಸಮುದಾಯಗಳ ಬದುಕೂ ದನ ಮೇಯಿಸುವುದು, ಕಟ್ಟಿಗೆ ಹಾಗೂ ಕಿರು ಅರಣ್ಯ ಉತ್ಪನ್ನ ಸಂಗ್ರಹಗಳನ್ನು ನೆಚ್ಚಿಕೊಂಡಿದೆ. "ಬೇಸಿಗೆಯಲ್ಲಿ ಕಾಡಿಗೆ ಹೋಗಬೇಡಿ" ಎಂಬ ಇಲಾಖೆಯ ಸಲಹೆ ಕಾಗದದ ಮೇಲೆ ಸರಿಯಾಗಿದ್ದರೂ ಈ ಜನರ ಪಾಲಿಗೆ ಅದು ಒಂದು ವರ್ಷದ ಗೊಬ್ಬರವನ್ನೋ ಕೂಲಿಯನ್ನೋ ಬಿಟ್ಟುಬಿಡಿ ಎಂದಂತೆಯೇ ಸರಿ.

ರೋಗಲಕ್ಷಣಗಳು ಮತ್ತು ಚಿಕಿತ್ಸೆ

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿ, ತೀವ್ರ ಜ್ವರ ಮತ್ತು ಹಣೆಯ ಭಾಗದ ತಲೆನೋವು ಆರಂಭವಾಗುತ್ತವೆ. ಸೊಂಟ ಮತ್ತು ಕಾಲುಗಳ ಸ್ನಾಯುಗಳಲ್ಲಿ ಸಹಿಸಲಾರದ ನೋವು, ಕಣ್ಣು ಕೆಂಪಾಗುವಿಕೆ, ವಾಂತಿ, ಭೇದಿ, ಅತಿಯಾದ ನಿಶ್ಶಕ್ತಿ ಕಾಣಿಸಿಕೊಳ್ಳಬಹುದು. ರಕ್ತದೊತ್ತಡ ಇಳಿಯುತ್ತದೆ; ಬಿಳಿ ರಕ್ತಕಣಗಳೂ ಕಿರುಬಿಲ್ಲೆಗಳೂ ಕಡಿಮೆಯಾಗುತ್ತವೆ. ಕೆಲವರಲ್ಲಿ ಮೂಗು, ಒಸಡು, ಕರುಳುಗಳಿಂದ ರಕ್ತಸ್ರಾವವಾಗುತ್ತದೆ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಗುಣಮುಖರಾದರೂ ಶೇ. 10ರಿಂದ 20ರಷ್ಟು ರೋಗಿಗಳಲ್ಲಿ ಜ್ವರ ಬಿಟ್ಟು ಕೆಲ ದಿನಗಳ ನಂತರ ಎರಡನೆಯ ಸುತ್ತು ಬರುತ್ತದೆ. ಆಗ ತೀವ್ರ ತಲೆನೋವು, ನಡುಕ, ದೃಷ್ಟಿದೋಷ, ಮಾನಸಿಕ ಗೊಂದಲಗಳು ಕಾಣಿಸುತ್ತವೆ. ಜ್ವರ ಬಿಟ್ಟಿತೆಂದು ಆಸ್ಪತ್ರೆಯಿಂದ ಮನೆಗೆ ಬಂದವರೂ ಇದನ್ನು ನೆನಪಿಡಬೇಕು. ರೋಗಿಗಳಲ್ಲಿ ಸುಮಾರು ಶೇ. 3ರಿಂದ 5ರಷ್ಟು ಮಂದಿ ಸಾಯುತ್ತಾರೆಂಬುದು ಸಾಮಾನ್ಯ ಅಂದಾಜು.

ಡೆಂಗಿ ಮತ್ತು ಇಲಿಜ್ವರಗಳ ಲಕ್ಷಣಗಳೂ ಹೀಗೆಯೇ ಇರುವುದರಿಂದ ರಕ್ತಪರೀಕ್ಷೆ ಅಗತ್ಯ. ಮೊದಲ ದಿನಗಳಲ್ಲಿ ಆರ್.ಟಿ.-ಪಿ.ಸಿ.ಆರ್. ಪರೀಕ್ಷೆಯಿಂದ ವೈರಾಣುವನ್ನೇ ಗುರುತಿಸಬಹುದು, ನಂತರ ಪ್ರತಿಕಾಯಗಳ ಪರೀಕ್ಷೆ ಉಪಯುಕ್ತ. ಶಿವಮೊಗ್ಗದ ವೈರಾಣು ರೋಗಪತ್ತೆ ಪ್ರಯೋಗಾಲಯವು ಈ ಕೆಲಸದಲ್ಲಿ ದೀರ್ಘ ಅನುಭವ ಹೊಂದಿದೆ. ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ. ದ್ರವಾಂಶ, ರಕ್ತದೊತ್ತಡ ಮತ್ತು ರಕ್ತಸ್ರಾವಗಳ ಮೇಲೆ ನಿಗಾ ಇಡುವ ಪೋಷಕ ಚಿಕಿತ್ಸೆಯೇ ಜೀವ ಉಳಿಸುತ್ತದೆ. ರಕ್ತಸ್ರಾವವನ್ನು ಹೆಚ್ಚಿಸುವ ಆಸ್ಪಿರಿನ್‌ನಂಥ ಮಾತ್ರೆಗಳನ್ನು ತಾವಾಗಿ ನುಂಗಬಾರದು. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲವಾದ್ದರಿಂದ ರೋಗಿಯನ್ನು ದೂರವಿಡುವ ಕಾರಣವೂ ಇಲ್ಲ.

ಲಸಿಕೆ

ಆರಂಭದಲ್ಲಿ ರಷ್ಯಾದ ಮೆದುಳುಜ್ವರದ ವಿರುದ್ಧ ತಯಾರಾಗಿದ್ದ ಲಸಿಕೆಯನ್ನೇ ಇಲ್ಲಿಯೂ ಪ್ರಯೋಗಿಸಲಾಯಿತು. ವೈರಾಣುಗಳು ಬಂಧುಗಳಾದರೂ ಲಸಿಕೆ ಫಲಿಸಲಿಲ್ಲ. ನಂತರ ಕ್ಯಾಸನೂರು ವೈರಾಣುವನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಲಾಯಿತು. 1990ರಿಂದ ಇದರ ಬಳಕೆ ನಡೆಯಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನ ಸಂಸ್ಥೆ ಇದನ್ನು ತಯಾರಿಸುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಬಳಿಕ ವರ್ಧಕ ಚುಚ್ಚುಮದ್ದುಗಳನ್ನು ಪಡೆಯಬೇಕಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನಾಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಂತೆ ಎರಡು ಚುಚ್ಚುಮದ್ದಿನಿಂದ ಶೇ. 62.4, ವರ್ಧಕವನ್ನೂ ಪಡೆದವರಲ್ಲಿ ಶೇ. 82.9ರಷ್ಟು ರಕ್ಷಣೆ ದೊರೆತಿತ್ತು. ಆದರೆ ನೋವು ಕೊಡುವ ಚುಚ್ಚುಮದ್ದನ್ನು ಮತ್ತೆ ಮತ್ತೆ ತೆಗೆದುಕೊಳ್ಳಲು ಜನರು ಹಿಂಜರಿಯುತ್ತಿದ್ದರು. ವರ್ಧಕದವರೆಗೆ ತಲುಪಿದವರು ಕಡಿಮೆ.

ಲಸಿಕೆ ಪರಿಣಾಮಕಾರಿಯಾಗಿಲ್ಲವೆಂಬ ಕಾರಣದಿಂದ 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಂದಿಗೆ ಕೈಗೊಂಡಿದೆ. ಹಳೆಯದು ನಿಂತು ಹೊಸದು ಕೈಸೇರದ ಈ ನಡುಗಾಲದಲ್ಲೇ, 2024ರ ಆರಂಭದಲ್ಲಿ, ಸಿದ್ದಾಪುರ ತಾಲ್ಲೂಕು ರೋಗದ ಹೊಡೆತಕ್ಕೆ ಸಿಕ್ಕಿತು. ಕೊರ್ಲಕೈ ಸುತ್ತಿನಲ್ಲಿ ಅನೇಕರು ಹಾಸಿಗೆ ಹಿಡಿದರು. ಅದಕ್ಕೆ ಐದು ವರ್ಷಗಳ ಮೊದಲು, 2018-19ರಲ್ಲಿ, ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಅರಳಗೋಡಿನಲ್ಲಿ ಹಲವು ಜೀವಗಳು ಹೋಗಿದ್ದವು. ಆರು ದಶಕಗಳಿಗೂ ಹಿಂದೆ ವೈರಾಣು ಪತ್ತೆಯಾದ ರೋಗವೊಂದಕ್ಕೆ ಇಂದಿಗೂ ನೆಚ್ಚುವಂಥ ಲಸಿಕೆ ಇಲ್ಲದಿರಲು ವಿಜ್ಞಾನದ ಕಷ್ಟವೊಂದೇ ಕಾರಣವೆನ್ನಲಾಗದು. ವರ್ಷಕ್ಕೆ ನಾನೂರು ಐನೂರು ಮಂದಿಗೆ, ಅದೂ ಕಾಡಂಚಿನ ಬಡವರಿಗೆ ಬರುವ ಕಾಯಿಲೆ ಔಷಧೋದ್ಯಮದ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ.

ಮುನ್ನೆಚ್ಚರಿಕೆ

ಕಾಡಿಗೋ ಬೆಟ್ಟಕ್ಕೋ ಹೋಗುವಾಗ ಮೈ ಪೂರ್ತಿ ಮುಚ್ಚುವ ಬಟ್ಟೆ ತೊಟ್ಟು, ಕೈಕಾಲುಗಳಿಗೆ ಆರೋಗ್ಯ ಇಲಾಖೆ ಹಂಚುವ ಉಣುಗು ನಿವಾರಕ ತೈಲವನ್ನು ಸವರಿಕೊಳ್ಳಬೇಕು. ಹಿಂದೆ ಡಿ.ಎಂ.ಪಿ. ತೈಲವನ್ನು ಕೊಡಲಾಗುತ್ತಿತ್ತು, ಈಗ ರಕ್ಷಣಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಡೆಪಾ ತೈಲ ಬಳಕೆಯಲ್ಲಿದೆ. ಬೆವರಿ ದುಡಿಯುವವರ ಮೈಮೇಲೆ ತೈಲ ಬಹಳ ಹೊತ್ತು ನಿಲ್ಲದಾದ್ದರಿಂದ ನಡುವೆ ಮತ್ತೊಮ್ಮೆ ಹಚ್ಚಿಕೊಳ್ಳುವುದು ಒಳ್ಳೆಯದು. ಮನೆಗೆ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯಬೇಕು. ಕಂಕುಳು, ಮೊಣಕಾಲಿನ ಹಿಂಭಾಗ, ಸೊಂಟದ ಸುತ್ತ, ಕಿವಿಯ ಹಿಂದೆ, ಕೂದಲಿನ ನಡುವೆ ಉಣುಗು ಅಡಗಿರಬಹುದು. ಇಂಥ ಕಡೆ ಮನೆಯವರೇ ಒಬ್ಬರಿಗೊಬ್ಬರು ನೋಡಿಕೊಳ್ಳಬೇಕಾಗುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಸಮೀಪ ಹಿಡಿದು ಮೆಲ್ಲನೆ ಎಳೆದು ತೆಗೆಯಬೇಕು. ಬೆರಳುಗಳ ನಡುವೆ ಹೊಸಕಬಾರದು. ದರಕಿನ ರಾಶಿಯನ್ನು ಮನೆಯ ಬಾಗಿಲಿನಿಂದ ದೂರವಿಡುವುದು, ದನಗಳಿಗೆ ಪಶುವೈದ್ಯರ ಸಲಹೆಯಂತೆ ಉಣುಗುನಾಶಕ ಹಚ್ಚುವುದು ಸಹ ಉಪಯುಕ್ತ.

ಸತ್ತ ಮಂಗ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ, ಮುಟ್ಟದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಗ್ರಾಮ ಪಂಚಾಯಿತಿಗೋ ತಿಳಿಸಬೇಕು. ಹನುಮಂತನ ರೂಪವೆಂಬ ಭಕ್ತಿಯಿಂದ ಸತ್ತ ಮಂಗಕ್ಕೆ ತಾವೇ ಸಂಸ್ಕಾರ ಮಾಡುವ ರೂಢಿ ಕೆಲವೆಡೆ ಇದೆ, ಈ ಸೀಮೆಯಲ್ಲಿ ಅದು ಅಪಾಯಕರ. ಪಶುವೈದ್ಯರು ಅಂಗಾಂಶದ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಕಳೇಬರವನ್ನು ಸುಡಿಸುತ್ತಾರೆ. ಅದು ಬಿದ್ದಿದ್ದ ಜಾಗದ ಸುತ್ತ 50 ಅಡಿ ವ್ಯಾಪ್ತಿಯಲ್ಲಿ ಮೆಲಾಥಿಯಾನ್ ಪುಡಿಯನ್ನು ಸಿಂಪಡಿಸಲಾಗುತ್ತದೆ. ಆ ಸುತ್ತಿನ ಬೆಟ್ಟಕ್ಕೆ ಅಂದು ದರಕಿಗೆ ಹೋಗಿದ್ದವರಲ್ಲಿ ಯಾರಿಗಾದರೂ ಮುಂದಿನ ಒಂದು ವಾರದಲ್ಲಿ ಜ್ವರ ಬಂದರೆ, ವೈದ್ಯರಿಗೆ ಮೊದಲು ಹೇಳಬೇಕಾದ ವಿಷಯವೂ ಅದೇ.